ದೊಡ್ಡಮ್ಮನ ಕೇಸು ಮತ್ತು ನಮ್ಮಕ್ಕ

ಕೊಲೆಯಾದ ಹೆಂಗಸಿನ ಮಗಳನ್ನು ಊರು ಮೊದಲನೇ ವರ್ಷ "ಯಾರಂತೆ, ಗೊತ್ತಾಯ್ತಾ?" ಅಂತ ಕೇಳುತ್ತದೆ. ಮೂರನೇ ವರ್ಷ "ಕೇಸು ಏನಾಯ್ತು?" ಅನ್ನುತ್ತದೆ. ಐದು ದಾಟಿದ ಮೇಲೆ "ಇನ್ನೂ ಬುಟ್ಟಿಲ್ವಾ ನೀನು ಅದನ್ನ?" ಅನ್ನುತ್ತದೆ. ನಮ್ಮಕ್ಕನಿಗೆ ಇದು ಒಂಬತ್ತನೇ ವರ್ಷ. ಈಗ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಕೇಳುತ್ತಿರುವವಳು ಅವಳೊಬ್ಬಳೇ.

ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ದೊಡ್ಡಮ್ಮನದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಅಕ್ಕನನ್ನು ಕೊಟ್ಟಿರುವುದು ಗುಬ್ಬಿ ಕಡೆಗೆ. ನಾನು ಪತ್ರಿಕೋದ್ಯಮ ಓದಿದ್ದು, ಈಗ ಕೆಲಸ ಮಾಡುತ್ತಿರುವುದು ತುಮಕೂರಿನಲ್ಲಿ. ಹೀಗಾಗಿ ಈ ಕೇಸಿನ ಓಡಾಟವೆಲ್ಲ ಈ ಮೂರು ಊರುಗಳ ನಡುವೆಯೇ. ಹೆಸರುಗಳನ್ನೂ ಠಾಣೆಯನ್ನೂ ಇಲ್ಲಿ ಬರೆಯುತ್ತಿಲ್ಲ. ಅರ್ಜಿ ಕೋರ್ಟಿನ ಮುಂದಿದೆ, ಅಕ್ಕನೂ ಬೇಡ ಅಂದಿದ್ದಾಳೆ.

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಒಬ್ಬಳೇ ಇದ್ದಳು. ಎರಡು ಸೀಮೆಹಸು, ಒಂದೂವರೆ ಎಕರೆ ರಾಗಿ ಹೊಲ, ಬದುವಿನ ಮೇಲೆ ಹತ್ತು ತೆಂಗಿನ ಮರ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಹಾಲು ಡೇರಿಗೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಹಸುಗಳು ಕೂಗುತ್ತಲೇ ಇದ್ದದ್ದು ಕೇಳಿ ಪಕ್ಕದ ಮನೆಯವರು ಹೋಗಿ ನೋಡಿದರೆ ನಡುಮನೆಯಲ್ಲಿ ಬಿದ್ದಿದ್ದಳು. ಕಿವಿಯ ವಾಲೆ, ಕೊರಳ ಸರ ಇರಲಿಲ್ಲ. ಮಾರನೇ ದಿನ ಪೇಪರಿನಲ್ಲಿ 'ಒಂಟಿ ವೃದ್ಧೆಯ ಕೊಲೆ' ಅಂತ ಬಂತು. ದೊಡ್ಡಮ್ಮನಿಗೆ ಆಗ 58. ಹೊರೆ ಹುಲ್ಲು ಹೊತ್ತುಕೊಂಡು ಹೊಲದಿಂದ ನಡೆದು ಬರುವ ಹೆಂಗಸನ್ನು ವೃದ್ಧೆ ಅಂತ ಬರೆದದ್ದಕ್ಕೆ ಅಕ್ಕನಿಗೆ ಇವತ್ತಿಗೂ ಸಿಟ್ಟಿದೆ.

ನಾಯಿ ಬಂತು, ಬೆರಳಚ್ಚಿನವರು ಬಂದರು. ಬೀದಿಯವರನ್ನೆಲ್ಲ ಠಾಣೆಗೆ ಕರೆಸಿದರು, ಕಳಿಸಿದರು. ಇನ್ಸ್‌ಪೆಕ್ಟರ್ ಬದಲಾದರು, ಮತ್ತೊಬ್ಬರು ಬಂದರು, ಅವರೂ ಬದಲಾದರು. ಎರಡು ವರ್ಷ ಆದ ಮೇಲೆ ಒಂದು ದಿನ ಠಾಣೆಯ ಬರಹಗಾರರೊಬ್ಬರು ಅಕ್ಕನಿಗೆ, "ನಿಮ್ಮ ಕೇಸಿಗೆ ಸಿ ರಿಪೋರ್ಟ್ ಹಾಕಾಗಿದೆಯಲ್ಲಮ್ಮ" ಅಂದರು. ಅಕ್ಕ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಅಮ್ಮಿ, ಸಿ ಅಂದ್ರೆ ಏನು?"

ಸಿ ರಿಪೋರ್ಟ್ ಅಂದರೆ ಪತ್ತೆಯಾಗದ ಪ್ರಕರಣದ ಅಂತಿಮ ವರದಿ. ನಮ್ಮ ರಾಜ್ಯದ ಪೊಲೀಸರು ತನಿಖೆ ಮುಗಿಸುವಾಗ ಆರೋಪಿಗಳ ಮೇಲೆ ಸಾಕ್ಷ್ಯ ಇದ್ದರೆ ಚಾರ್ಜ್‌ಶೀಟ್ ಹಾಕುತ್ತಾರೆ. ದೂರು ಸುಳ್ಳು ಅಂತಲೋ, ಅಪರಾಧವೇ ನಡೆದಿಲ್ಲ ಅಂತಲೋ ಅನ್ನಿಸಿದರೆ ಬಿ ರಿಪೋರ್ಟ್. ಅಪರಾಧ ನಡೆದದ್ದು ನಿಜ, ಮಾಡಿದವರು ಯಾರು ಅಂತ ಗೊತ್ತಾಗಲಿಲ್ಲ ಅಂದರೆ ಸಿ ರಿಪೋರ್ಟ್. ನಮ್ಮ ಹಳ್ಳಿಗಳಲ್ಲಿ ಬಿ ರಿಪೋರ್ಟ್ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಸಿ ರಿಪೋರ್ಟಿನ ಹೆಸರು ಕೇಳಿದವರು ಕಡಿಮೆ. ಅದನ್ನು ಕೇಳಿಸಿಕೊಂಡವರು ಕೂಡ ಕೇಸು ಸತ್ತಿತು ಅಂತಲೇ ತಿಳಿಯುತ್ತಾರೆ.

ಅದು ಹಾಗಲ್ಲ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೊಲೆಯ ಕೇಸಿಗೆ ಕಾಲಮಿತಿ ಇಲ್ಲ. ಕಾನೂನಿನಲ್ಲಿ ಕಾಲಮಿತಿ ಇರುವುದು ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಸಿ ರಿಪೋರ್ಟ್ ಒಪ್ಪಿಕೊಂಡ ಮೇಲೂ ಹೊಸ ಸುಳಿವು ಸಿಕ್ಕರೆ ಪೊಲೀಸರು ಮುಂದಿನ ತನಿಖೆ ಮಾಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 173(8)ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193(9). ಮ್ಯಾಜಿಸ್ಟ್ರೇಟರು ಕೂಡ ಮುಂದಿನ ತನಿಖೆಗೆ ಆದೇಶ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2019ರ ವಿನುಭಾಯಿ ಮಾಲವೀಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬಾಗಿಲು ಮುಚ್ಚಿದೆ ನಿಜ, ಬೀಗ ಹಾಕಿಲ್ಲ.

ಆದರೆ ಆ ಬಾಗಿಲು ತಟ್ಟುವವರು ಯಾರು? ಅಕ್ಕನ ವಿಷಯದಲ್ಲಿ ತೊಡಕು ಬಂದದ್ದು ಅಲ್ಲೇ. ಅಂತಿಮ ವರದಿ ಒಪ್ಪಿಕೊಳ್ಳುವ ಮೊದಲು ಕೋರ್ಟು ಫಿರ್ಯಾದಿಗೆ ನೋಟಿಸ್ ಕೊಡಬೇಕು. 1985ರ ಭಗವಂತ್ ಸಿಂಗ್ ಪ್ರಕರಣದಿಂದ ಬಂದ ನಿಯಮ ಇದು. ಫಿರ್ಯಾದಿ ಅಂದರೆ ಮೊದಲ ದೂರಿಗೆ ಸಹಿ ಹಾಕಿದವರು. ನಮ್ಮ ಕೇಸಿನಲ್ಲಿ ಸಹಿ ಹಾಕಿದ್ದು ಹೆಣ ಮೊದಲು ನೋಡಿದ ಪಕ್ಕದ ಮನೆಯವರು. ಅಕ್ಕ ಗುಬ್ಬಿಯಿಂದ ಬಂದು ತಲುಪುವ ಹೊತ್ತಿಗೆ ಎಫ್‌ಐಆರ್ ಆಗಿಹೋಗಿತ್ತು. ಎರಡು ವರ್ಷದ ಮೇಲೆ ನೋಟಿಸ್ ಹೋದದ್ದು ಅವರಿಗೇ. ಅವರು ಕೋರ್ಟಿಗೆ ಹೋಗಿ, "ನನ್ನದೇನೂ ತಕರಾರಿಲ್ಲ ಸ್ವಾಮಿ" ಅಂತ ಹೇಳಿ ಬಂದರು. ಅವರದು ತಪ್ಪು ಅಂತ ನಾನು ಅನ್ನುವುದಿಲ್ಲ. ಅವರಿಗೆ ಅದೊಂದು ದಿನದ ಕೂಲಿ ನಷ್ಟ, ಕೋರ್ಟಿನ ಭಯ. ಮಗಳಿಗೆ ಮಾತ್ರ ತಕರಾರಿತ್ತು, ಅವಳನ್ನು ಯಾರೂ ಕೇಳಲಿಲ್ಲ.

ಅದೇ 1985ರ ತೀರ್ಪು ಇನ್ನೊಂದು ಮಾತೂ ಹೇಳುತ್ತದೆ. ಸತ್ತವರ ಸಂಬಂಧಿಕರಿಗೆ ನೋಟಿಸ್ ಬರಲೇಬೇಕು ಅಂತಿಲ್ಲದಿದ್ದರೂ, ಅವರು ತಾವಾಗಿ ಹಾಜರಾಗಿ ಹೇಳಿಕೊಂಡರೆ ಕೋರ್ಟು ಕೇಳಬೇಕು. 2009ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ 'ಸಂತ್ರಸ್ತರು' ಅನ್ನುವ ಪದಕ್ಕೆ ವಾರಸುದಾರರೂ ಸೇರಿದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ತನಿಖೆಯ ಹಂತದಿಂದಲೇ ಸಂತ್ರಸ್ತರ ಮಾತು ಕೇಳಬೇಕು ಅಂದಿತು. ಅಂದರೆ ಅಕ್ಕ ಕಾನೂನಿನ ಕಣ್ಣಿಗೆ ಹೊರಗಿನವಳಲ್ಲ. ಇದನ್ನು ಅವಳಿಗೆ ವಿವರಿಸಿದಾಗ ಅವಳು ಅಂದದ್ದು: "ಮಗಳು ಅಂತ ಕಾನೂನು ಬೇರೆ ಏಳಬೇಕಿತ್ತಾ?"

ಅವಳಿಗೆ ಧೈರ್ಯ ಬರಲಿ ಅಂತ ನಾನು ಒಂದು ಹಳೇ ಕೇಸಿನ ಕಥೆ ಹೇಳಿದೆ. ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ, ಬೆಂಗಳೂರಿನ ಶಾಕೆರೆ ಖಲೀಲಿ ಪ್ರಕರಣ. ಶಾಕೆರೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ಮೊದಲ ಗಂಡ ವಿದೇಶಾಂಗ ಸೇವೆಯ ಅಧಿಕಾರಿ, ನಾಲ್ಕು ಜನ ಹೆಣ್ಣುಮಕ್ಕಳು. ವಿಚ್ಛೇದನದ ನಂತರ 1986ರಲ್ಲಿ ಶ್ರದ್ಧಾನಂದ ಅಂತ ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು ಮದುವೆಯಾದರು. ರಿಚ್ಮಂಡ್ ರಸ್ತೆಯ ದೊಡ್ಡ ಬಂಗಲೆಯಲ್ಲಿ ಇಬ್ಬರ ವಾಸ. 1991ರ ಮೇ ಕೊನೆಯಿಂದ ಅವರು ಯಾರ ಕಣ್ಣಿಗೂ ಬೀಳಲಿಲ್ಲ.

ಹುಡುಕಿದ್ದು ಎರಡನೇ ಮಗಳು ಸಬಾ. ಫೋನ್ ಮಾಡಿದಾಗಲೆಲ್ಲ ಮಲತಂದೆ ಒಂದೊಂದು ಕಥೆ ಹೇಳುತ್ತಿದ್ದ. ಹೈದರಾಬಾದಿಗೆ ಹೋಗಿದ್ದಾಳೆ, ಕಛ್‌ನಲ್ಲಿ ಮದುವೆಗೆ ಹೋಗಿದ್ದಾಳೆ, ಅಮೆರಿಕದ ಆಸ್ಪತ್ರೆಯಲ್ಲಿದ್ದಾಳೆ. ಆ ಮಗಳು ಅಮೆರಿಕದ ಆ ಆಸ್ಪತ್ರೆಯಲ್ಲೇ ವಿಚಾರಿಸಿದಳು. ಆ ಹೆಸರಿನವರು ಯಾರೂ ಅಲ್ಲಿ ಇರಲಿಲ್ಲ. ಆಮೇಲೆ ಬಾಂಬೆಯ ಹೋಟೆಲೊಂದರಲ್ಲಿ ಅವನ ಸಾಮಾನಿನ ನಡುವೆ ಅಮ್ಮನ ಪಾಸ್‌ಪೋರ್ಟ್ ಅವಳ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಇಲ್ಲಿದ್ದರೆ ಅಮ್ಮ ಅಮೆರಿಕಕ್ಕೆ ಹೋದದ್ದು ಹೇಗೆ? 1992ರ ಜೂನ್‌ನಲ್ಲಿ ಬೆಂಗಳೂರಿನ ಅಶೋಕನಗರ ಠಾಣೆಯಲ್ಲಿ ದೂರು ಕೊಟ್ಟಳು. ಅಲ್ಲಿಂದ ಸುಮಾರು ಎರಡು ವರ್ಷ ಏನೂ ಆಗಲಿಲ್ಲ. 1994ರ ಮಾರ್ಚ್‌ನಲ್ಲಿ ಕೇಸು ಕೇಂದ್ರ ಅಪರಾಧ ದಳಕ್ಕೆ ಹೋದ ಮೇಲೆ ಅವನ ಬಂಧನವಾಯಿತು. ಅದೇ ವರ್ಷ ಆ ಬಂಗಲೆಯ ಅಂಗಳವನ್ನೇ ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ಅದು ಶಾಕೆರೆಯವರದೇ ಅಂತ ಡಿಎನ್‌ಎ ಪರೀಕ್ಷೆ ಖಚಿತಪಡಿಸಿತು. ಮೂರು ವರ್ಷ ಅವನು ಅದೇ ಅಂಗಳದಲ್ಲಿ ಓಡಾಡಿಕೊಂಡಿದ್ದ.

ಅಲ್ಲಿಂದ ಮುಂದೆಯೂ ಬೇಗ ಮುಗಿಯಲಿಲ್ಲ. 2005ರಲ್ಲಿ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು, ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ ಶಿಕ್ಷೆಯ ಬಗ್ಗೆ ಇಬ್ಬರು ನ್ಯಾಯಮೂರ್ತಿಗಳಿಗೆ ಭಿನ್ನಾಭಿಪ್ರಾಯ ಬಂದು, 2008ರ ಜುಲೈನಲ್ಲಿ ಮೂವರ ಪೀಠ ತೀರ್ಪು ಕೊಟ್ಟಿತು. ಗಲ್ಲು ಬೇಡ, ಆದರೆ ಬದುಕಿರುವವರೆಗೂ ಜೈಲಿನಿಂದ ಬಿಡಬಾರದು ಅನ್ನುವ ಆ ತೀರ್ಪನ್ನು ಇವತ್ತಿಗೂ ದೇಶದ ಕೋರ್ಟುಗಳು ಉಲ್ಲೇಖಿಸುತ್ತವೆ. ದೂರು ಕೊಟ್ಟ ದಿನದಿಂದ ಲೆಕ್ಕ ಹಾಕಿದರೆ 16 ವರ್ಷ.

ಅಕ್ಕ ಪೂರ್ತಿ ಕೇಳಿಸಿಕೊಂಡು, "ಅವರ ತಾತ ದಿವಾನರು ಕಣಮ್ಮಿ. ನಮ್ಮ ತಾತ ಗೌಡರ ಮನೇಲಿ ಸಂಬಳಕ್ಕಿದ್ದೋನು" ಅಂದಳು. ಅದು ಸರಿಯಾದ ಮಾತೇ. ಅಮೆರಿಕದ ಆಸ್ಪತ್ರೆಯಲ್ಲಿ ವಿಚಾರಿಸುವ ಅನುಕೂಲ ಎಷ್ಟು ಜನ ಹೆಣ್ಣುಮಕ್ಕಳಿಗಿದೆ? ನಮ್ಮಕ್ಕ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವಳು. ಕೋರ್ಟಿಗೆ ಹೋದ ದಿನ ಕೂಲಿ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಮತ್ತೆ ಅಂದಳು: "ಆದ್ರೂ ಪಾಸ್‌ಪೋರ್ಟು ನೋಡ್ದೋಳು ಮಗಳೇ ಅಲ್ವಾ. ಪೊಲೀಸ್ನೋರಲ್ವಲ್ಲ."

ನಾನು ಆ ಕಥೆ ಹೇಳಿದ್ದು ಧೈರ್ಯಕ್ಕೆ ಮಾತ್ರ. ಅವಳು ಅದರಿಂದ ಕೆಲಸಕ್ಕೆ ಬರುವ ವಿಷಯವನ್ನು ತೆಗೆದುಕೊಂಡಳು. ತಾಯಿಯ ವಿಷಯದಲ್ಲಿ ಮಗಳಿಗೆ ಗೊತ್ತಿರುವುದು ಯಾವ ತನಿಖಾಧಿಕಾರಿಗೂ ಗೊತ್ತಿರುವುದಿಲ್ಲ. ಅಕ್ಕನ ಹೇಳಿಕೆ ಅಂತ ಪೊಲೀಸರ ಕಡತದಲ್ಲಿ ಇರುವುದು ಅರ್ಧ ಪುಟ. ತಾಯಿ ಒಬ್ಬಳೇ ವಾಸವಿದ್ದಳು, ಯಾರ ಮೇಲೂ ಅನುಮಾನವಿಲ್ಲ, ಇಷ್ಟೇ. ಹೆಣದ ಮುಂದೆ ಅಳುತ್ತಿದ್ದ ಮಗಳಿಂದ ಆ ಹೊತ್ತಿನಲ್ಲಿ ಇನ್ನೇನು ಬರೆಸಿಕೊಳ್ಳಲು ಆಗುತ್ತದೆ? ತೊಂದರೆ ಏನೆಂದರೆ, ಆಮೇಲೆ ಯಾರೂ ಮತ್ತೆ ಕೂರಿಸಿಕೊಂಡು ಕೇಳಲಿಲ್ಲ.

ಹಾಗಾಗಿ ನಾವೇ ಕೂತೆವು. ಗುಬ್ಬಿಯ ಅವಳ ಮನೆಯಲ್ಲಿ ನಾಲ್ಕು ಭಾನುವಾರ. ಅವಳು ಹೇಳಿದಳು, ನಾನು ಬರೆದುಕೊಂಡೆ. ದೀಪ ಹಚ್ಚಿದ ಮೇಲೆ ದೊಡ್ಡಮ್ಮ ಹಿತ್ತಿಲ ಬಾಗಿಲನ್ನು ಯಾರಿಗೂ ತೆಗೆಯುತ್ತಿರಲಿಲ್ಲ. ಮುಂದಿನ ಬಾಗಿಲಿಗೂ ಒಳಗಿನಿಂದ ಅಗಣಿ ಹಾಕಿ, ಹೆಸರು ಹೇಳಿದ ಮೇಲೆಯೇ ತೆಗೆಯುತ್ತಿದ್ದಳು. ಆವತ್ತು ಎರಡು ಬಾಗಿಲೂ ಮುರಿದಿರಲಿಲ್ಲ. ಮಹಜರಿನಲ್ಲೂ ಹಾಗೇ ಇದೆ. ನಾಯಿ ರಾತ್ರಿ ಬೊಗಳಿದ್ದನ್ನು ಅಕ್ಕಪಕ್ಕದವರು ಯಾರೂ ಕೇಳಲಿಲ್ಲ. ದೊಡ್ಡಮ್ಮ ಕೈಸಾಲ ಕೊಡುತ್ತಿದ್ದಳು, ಸಾವಿರ, ಎರಡು ಸಾವಿರ, ಹಾಲಿನ ಬಟವಾಡೆ ಬಂದಾಗ. ಅವಳಿಗೆ ಓದು ಬರಹ ಅಷ್ಟಕ್ಕಷ್ಟೆ. ಕೊಟ್ಟದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದೊಳಗೆ ಗೀಟು ಹಾಕಿ, ಪಕ್ಕದಲ್ಲಿ ಒಂದು ಅಕ್ಷರ ಬರೆದಿಡುತ್ತಿದ್ದಳು. ತೀರಿದರೆ ಗೀಟಿನ ಮೇಲೆ ಅಡ್ಡ ಗೀಟು.

ಆ ಕ್ಯಾಲೆಂಡರ್ ಎಲ್ಲಿ ಅಂದೆ. ಅಕ್ಕ ಒಳಗೆ ಹೋಗಿ ಟ್ರಂಕಿನಿಂದ ತಂದಳು. ತಿಥಿಯ ದಿನ, ಅವ್ವನ ಕೈಬರಹ ಅದೊಂದೇ ಉಳಿದಿರುವುದು ಅಂತ ಸುತ್ತಿಕೊಂಡು ಬಂದಿದ್ದಳಂತೆ. ಸಾಕ್ಷ್ಯ ಅಂತಲ್ಲ. ಅದರಲ್ಲಿ ಆ ವರ್ಷದ ಗೀಟುಗಳಿವೆ, ಅಡ್ಡ ಗೀಟು ಬೀಳದ ಕೆಲವು ಚೌಕಗಳೂ ಇವೆ. ಅದರಿಂದ ಯಾರ ಮೇಲೂ ತೀರ್ಮಾನಕ್ಕೆ ಬರಲಾಗುವುದಿಲ್ಲ. ಸಾಲ ತೀರಿಸದವರೆಲ್ಲ ಕೊಲೆಗಾರರಲ್ಲ. ಆದರೆ ತನಿಖೆ ಮಾಡುವವರು ಕೇಳಬೇಕಾಗಿದ್ದ, ಕೇಳದೇ ಬಿಟ್ಟ ಪ್ರಶ್ನೆಗಳು ಅದರಲ್ಲಿವೆ. ಕ್ಯಾಲೆಂಡರಿನ ನಕಲು ಈಗ ಅರ್ಜಿಯ ಜೊತೆ ಕೋರ್ಟಿಗೆ ಹೋಗಿದೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಅಸಲನ್ನು ಕೋರ್ಟು ಕೇಳಿದಾಗ ಮಾತ್ರ ಕೊಡಿ ಅಂತ ವಕೀಲರು ಹೇಳಿದ್ದಾರೆ.

ವಕೀಲರ ವಿಷಯ. ಕೇಸಿಗೆ ದುಡ್ಡೆಲ್ಲಿಂದ ತರುವುದು ಅನ್ನುವುದೇ ಮನೆಯಲ್ಲಿ ದೊಡ್ಡ ಜಗಳವಾಗಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಯಾವ ಹೆಂಗಸಿಗಾದರೂ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟುಗಳಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಜಿಲ್ಲಾ ಪ್ರಾಧಿಕಾರ ತುಮಕೂರಿನಲ್ಲಿದೆ. ಒಂದು ಅರ್ಜಿ, ಆಧಾರ್ ನಕಲು, ಎಫ್‌ಐಆರ್ ನಕಲು ಕೊಟ್ಟೆವು. ಸಿ ರಿಪೋರ್ಟ್ ಮತ್ತು ಆದೇಶದ ದೃಢೀಕೃತ ನಕಲಿಗೆ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿದೆವು. ಅವು ಕೈಗೆ ಬಂದ ಮೇಲೆಯೇ ಕಡತದಲ್ಲಿ ಏನಿದೆ, ಏನಿಲ್ಲ ಅಂತ ಗೊತ್ತಾದದ್ದು. ಕಾಗದ ಇಲ್ಲದೆ ಕಚೇರಿಗಳಿಗೆ ಅಲೆದರೆ ಎಲ್ಲರೂ ಸಮಾಧಾನ ಹೇಳಿ ಕಳಿಸುತ್ತಾರೆ. ಕಾಗದ ಹಿಡಿದು ಹೋದರೆ ಉತ್ತರ ಹೇಳಲೇಬೇಕಾಗುತ್ತದೆ.

ಇನ್ನೊಂದು ವಿಷಯ ನಮಗೆ ಅಲ್ಲಿಯೇ ಗೊತ್ತಾಯಿತು. ಕೊಲೆಗಾರ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ, ಸತ್ತವರನ್ನು ನೆಚ್ಚಿಕೊಂಡಿದ್ದವರು ಪರಿಹಾರಕ್ಕೆ ಕಾನೂನು ಸೇವೆಗಳ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಹಳೆಯ ಸಂಹಿತೆಯಲ್ಲಿ 357ಎ ಕಲಂ. ಅಕ್ಕ ಮೊದಲು ಒಪ್ಪಲಿಲ್ಲ. "ದುಡ್ಡು ಇಸ್ಕೊಂಡ್ಳು, ಬಾಯಿ ಮುಚ್ಕೊಂಡ್ಳು ಅಂತಾರೆ" ಅಂದಳು. ಪರಿಹಾರಕ್ಕೂ ತನಿಖೆಗೂ ಸಂಬಂಧವಿಲ್ಲ, ಒಂದನ್ನು ಪಡೆದರೆ ಇನ್ನೊಂದು ನಿಲ್ಲುವುದಿಲ್ಲ ಅಂತ ವಕೀಲರು ಬಿಡಿಸಿ ಹೇಳಿದರು. ಆದರೂ ಅವಳಿನ್ನೂ ಅರ್ಜಿ ಹಾಕಿಲ್ಲ. ಅವಳ ಇಷ್ಟ. ಊರಿನ ಬಾಯಿಯ ಜೊತೆ ಬದುಕಬೇಕಾದವಳು ಅವಳು.

ಊರಿನ ಬಾಯಿ ಅಂದೆನಲ್ಲ. ಪತ್ತೆಯಾಗದ ಕೊಲೆ ಮನೆಯವರಿಗೆ ಏನು ಮಾಡುತ್ತದೆ ಅನ್ನುವುದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ, ಅಕ್ಕನನ್ನು ನೋಡಿ ತಿಳಿದೆ. ತವರಿನ ಹಬ್ಬಕ್ಕೆ ಹೋದರೆ ಅವಳು ಯಾರ ಮನೆಯಲ್ಲೂ ಊಟ ಮಾಡುವುದಿಲ್ಲ. ಬಡಿಸುತ್ತಿರುವ ಕೈ ಯಾವುದೋ ಅಂತ. ತಿಥಿಯ ದಿನ ಇನ್ನೂರು ಜನ ಉಂಡು ಹೋದರು, ಅವರೊಳಗೆ ಒಬ್ಬ ಅವನೇ ಇದ್ದನೇನೋ ಅಂತ ಅವಳಿಗೆ ಇವತ್ತಿಗೂ ನಿದ್ದೆ ಬರುವುದಿಲ್ಲ. ಈ ಅನುಮಾನದಿಂದ ತಪ್ಪು ಮಾಡದವರಿಗೂ ಬಿಡುಗಡೆ ಇಲ್ಲ. ಠಾಣೆಗೆ ಕರೆಸಿ ಕಳಿಸಿದ್ದ ಒಬ್ಬ ಹುಡುಗನಿಗೆ ಇವತ್ತಿಗೂ ಹೆಣ್ಣು ಕೊಟ್ಟಿಲ್ಲ. ನಿಜವಾದವನು ಸಿಕ್ಕಿದರೆ ಆ ಹುಡುಗನೂ ತಲೆ ಎತ್ತಿ ಓಡಾಡಬಹುದು. "ಸತ್ತೋಳು ವಾಪಸ್ಸು ಬರ್ತಾಳಾ?" ಅಂತ ಕೇಳುವವರಿಗೆ ಅಕ್ಕ ಈಗ ಹೇಳುವುದು ಇದನ್ನೇ: "ಸತ್ತೋಳಿಗಲ್ಲ, ಇರೋರಿಗೆ ಬೇಕು."

ತಡವಾಗಿಯಾದರೂ ಬರುತ್ತದಾ? ನಮ್ಮ ಜಿಲ್ಲೆಯದೇ ಒಂದು ತೀರ್ಪು ಕಣ್ಣ ಮುಂದಿದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ 2010ರ ಜೂನ್‌ನಲ್ಲಿ ಹೊನ್ನಮ್ಮ ಅನ್ನುವ ದಲಿತ ಮಹಿಳೆಯ ಕೊಲೆಯಾಯಿತು. 2024ರ ನವೆಂಬರ್‌ನಲ್ಲಿ ತುಮಕೂರಿನ ಜಿಲ್ಲಾ ನ್ಯಾಯಾಲಯ 21 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 14 ವರ್ಷ. ತೀರ್ಪು ಕೇಳಲು ಕೆಲವು ಆರೋಪಿಗಳೇ ಬದುಕಿರಲಿಲ್ಲ. ಆ ಸುದ್ದಿಯನ್ನು ಅಕ್ಕನಿಗೆ ಓದಿ ಹೇಳಿದಾಗ, ಅವಳು ಎಷ್ಟು ವರ್ಷ ಅಂತ ಮತ್ತೆ ಕೇಳಿ, ಬೆರಳಲ್ಲಿ ಎಣಿಸಿ, "ನಂದಿನ್ನೂ ಒಂಬತ್ತೇ" ಅಂದಳು.

ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದ ನಮ್ಮಂಥವರಿಗೆ ಇಲ್ಲಿ ಒಂದು ಕೆಲಸವಿದೆ. ಕೊಲೆ ನಡೆದ ದಿನ ಸುದ್ದಿಯಾಗುತ್ತದೆ, ಆರೋಪಿ ಸಿಕ್ಕರೆ ಫೋಟೋ ಸಮೇತ ಸುದ್ದಿಯಾಗುತ್ತದೆ. ಸಿ ರಿಪೋರ್ಟ್ ಹಾಕಿದ ದಿನ ಮಾತ್ರ ಸುದ್ದಿಯಾಗುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಹತ್ತು ವರ್ಷದಲ್ಲಿ ಎಷ್ಟು ಕೊಲೆಗಳಿಗೆ ಸಿ ರಿಪೋರ್ಟ್ ಆಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ಕೇಳಿ. ಎಸ್ಪಿಯವರ ಪತ್ರಿಕಾಗೋಷ್ಠಿಯಲ್ಲಿ ಪತ್ತೆಯಾದವುಗಳ ಪಟ್ಟಿ ಕೊಟ್ಟಾಗ ಪತ್ತೆಯಾಗದವುಗಳ ಪಟ್ಟಿಯನ್ನೂ ಕೇಳಿ. ಹೊಸ ಸಂಹಿತೆಯ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಸಂತ್ರಸ್ತರಿಗೆ ಪೊಲೀಸರೇ ತಿಳಿಸಬೇಕು. ಅದು ಹಳ್ಳಿಯ ಹೆಣ್ಣುಮಕ್ಕಳಿಗೆ ತಲುಪುತ್ತಿದೆಯಾ ಅಂತ ನೋಡಬೇಕಾದವರು ನಾವೇ. ಸಾವಿನ ಮನೆಗೆ ಹೋದರೆ, ಫಿರ್ಯಾದಿಗೆ ಯಾರು ಸಹಿ ಹಾಕುತ್ತಿದ್ದಾರೆ ಅನ್ನುವುದನ್ನೂ ಒಮ್ಮೆ ಗಮನಿಸಿ. ಆದರೆ ಮಗಳೋ ಮಗನೋ ಹಾಕಲಿ. ಮುಂದೆ ನೋಟಿಸ್ ಹೋಗುವುದು ಆ ಹೆಸರಿಗೆ.

ಕುಣಿಗಲ್ ಕೋರ್ಟಿನಲ್ಲಿ ಅಕ್ಕನ ಅರ್ಜಿಗೆ ಸರ್ಕಾರಿ ವಕೀಲರು ಇನ್ನೂ ತಕರಾರು ಸಲ್ಲಿಸಬೇಕು. ಮುಂದಿನ ವಾಯಿದೆ ಬರುವ ತಿಂಗಳಿಗಿದೆ. ಗುಬ್ಬಿಯಿಂದ ತುಮಕೂರಿಗೆ ಬೆಳಿಗ್ಗೆ ಏಳರ ಬಸ್ಸು, ಅಲ್ಲಿಂದ ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಇನ್ನೊಂದು. ಹನ್ನೊಂದಕ್ಕೆ ಕೂಗುವ ಹೊತ್ತಿಗೆ ಅವಳು ಅಲ್ಲಿರುತ್ತಾಳೆ. ಹೋದ ಸಲ ಬೆಂಚ್ ಕ್ಲರ್ಕ್ ಕೂಗಿದ್ದು ಅವಳ ಹೆಸರನ್ನೇ.